ಇಪ್ಪತ್ತಾರರ ಸಂಬಳ, ನಲವತ್ತೇಳರ ಸಂಬಳ: ಕೊಳ್ಳುವ ಶಕ್ತಿ ನಿಜವಾಗಿ ಯಾರ ಕೈಯಲ್ಲಿದೆ?

ಪ್ರಶ್ನೆ: ಬಿಜೈ ನಿವಾಸಿ, ಮಂಗಳೂರು

ನನಗೆ ಈಗ 26 ವರ್ಷ. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಮೂರು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಕೈಗೆ ಬರುವ ಸಂಬಳ ತಿಂಗಳಿಗೆ 38,000 ರೂಪಾಯಿ. ಬಿಜೈಯಲ್ಲಿ ಇಬ್ಬರು ಗೆಳೆಯರೊಂದಿಗೆ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಊರು ಕಾರ್ಕಳದ ಸಮೀಪ. ಅಪ್ಪ ಅಮ್ಮ ತೋಟ ನೋಡಿಕೊಂಡು ಇದ್ದಾರೆ, ಸದ್ಯಕ್ಕೆ ನನ್ನಿಂದ ಏನನ್ನೂ ಬಯಸುವುದಿಲ್ಲ.

ಸುರತ್ಕಲ್ಲಿನಲ್ಲಿರುವ ನನ್ನ ಸೋದರಮಾವನಿಗೆ 47 ವರ್ಷ. ಅವರು ಎಂಜಿನಿಯರ್; ತೆರಿಗೆ, ಭವಿಷ್ಯನಿಧಿ ಎಲ್ಲ ಕಳೆದು ಕೈಗೆ ಬರುವುದು 1,20,000 ರೂಪಾಯಿ, ಅಂದರೆ ನನ್ನ ಸಂಬಳದ ಮೂರು ಪಟ್ಟಿಗಿಂತ ಹೆಚ್ಚು. ಕಳೆದ ತಿಂಗಳು ನಾನು 32,000 ರೂಪಾಯಿಯ ಮೊಬೈಲನ್ನು, ಬೇಕು ಎಂದು ಅನಿಸಿದ ದಿನದ ಸಂಜೆಯೇ ಕೊಂಡೆ. ಅದೇ ವಾರ ಮಾವನ ಮನೆಯ ಮಿಕ್ಸಿ ಕೆಟ್ಟಿತು. ನಾಲ್ಕೂವರೆ ಸಾವಿರದ ಹೊಸ ಮಿಕ್ಸಿ ಕೊಳ್ಳುವುದಕ್ಕೆ ಅವರು ಎರಡು ಭಾನುವಾರ ಮೂರು ಅಂಗಡಿ ಸುತ್ತಿದರು. ನಾನು ಜೊತೆಯಲ್ಲೇ ಇದ್ದೆ. ಹಿಂದಿರುಗುವಾಗ ಕಾರಿನಲ್ಲಿ ಅವರು ಹೇಳಿದ ಮಾತು ಇದು: “ನಿನ್ನ ಕೈಯಲ್ಲಿ ಇರುವಷ್ಟು ದುಡ್ಡು ನನ್ನ ಕೈಯಲ್ಲಿ ಇಲ್ಲ ಮಾರಾಯ.”

ಅವರು ಜಿಪುಣರಲ್ಲ, ದುಂದುಗಾರರೂ ಅಲ್ಲ. ಹಾಗಾದರೆ ಈ ಮಾತಿನ ಅರ್ಥವೇನು? ವಯಸ್ಸಾದಂತೆ ಸಂಬಳ ಏರುವಾಗ ಕೊಳ್ಳುವ ಶಕ್ತಿಯೂ ಏರಬೇಕಲ್ಲವೇ? ನಲವತ್ತು ದಾಟಿದವರು ತಮ್ಮ ಖರೀದಿಗಳು ಹೇಗೆ ಬದಲಾದವು ಎಂಬುದನ್ನು, ಸಾಧ್ಯವಾದರೆ ತಮ್ಮದೇ ಲೆಕ್ಕದೊಂದಿಗೆ, ತಿಳಿಸಬೇಕೆಂದು ಕೋರುತ್ತೇನೆ. ಇನ್ನು ಎರಡು ವರ್ಷದಲ್ಲಿ ಮದುವೆಯ ಯೋಚನೆಯೂ ಇರುವುದರಿಂದ ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ.

ಉತ್ತರ: ಕುಂಜಿಬೆಟ್ಟಿನ ಉಪನ್ಯಾಸಕಿ, ಉಡುಪಿ

ನಾನು 2004ರಲ್ಲಿ, 24ನೆಯ ವಯಸ್ಸಿನಲ್ಲಿ, ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದೆ. ಅಂದಿನಿಂದ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುವ ಡೈರಿಯಲ್ಲಿ ಮನೆಖರ್ಚು ಬರೆಯುತ್ತ ಬಂದಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಹಳೆಯ ಡೈರಿಗಳನ್ನು ಕಪಾಟಿನಿಂದ ಇಳಿಸಿ ಎರಡು ರಾತ್ರಿ ಕುಳಿತು ನೋಡಿದೆ. ಮಳೆಗಾಲದ ತೇವಕ್ಕೆ ಕೆಲವು ಪುಟಗಳ ಶಾಯಿ ಹರಡಿದ್ದರೂ ಲೆಕ್ಕ ಓದುವಂತಿದೆ.

ನನ್ನ ಮೊದಲ ಸಂಬಳ 9,500 ರೂಪಾಯಿ. ಈಗ ಕೈಗೆ ಬರುವುದು 82,000. ಎಂಟೂವರೆ ಪಟ್ಟು ಆಗಿದೆ ಎಂದು ಸಂತೋಷಪಡುವ ಮೊದಲು ಒಂದೊಂದೇ ವಸ್ತುವನ್ನು ಎದುರಿಗಿಟ್ಟು ನೋಡಬೇಕು. 2005ರಲ್ಲಿ ನಾನು ಕೊಂಡ ಪೂರ್ತಿ ಸ್ವಯಂಚಾಲಿತ ವಾಷಿಂಗ್ ಮೆಷಿನ್ನಿಗೆ 15,800 ರೂಪಾಯಿ ಆಗಿತ್ತು, ಒಂದೂವರೆ ತಿಂಗಳ ಸಂಬಳಕ್ಕಿಂತ ಹೆಚ್ಚು. ಎರಡು ವರ್ಷದ ಹಿಂದೆ ಅದೇ ಗಾತ್ರದ ಮೆಷಿನ್ನಿಗೆ ಕೊಟ್ಟದ್ದು 18,200, ಅಂದರೆ ಒಂದು ವಾರದ ಸಂಬಳಕ್ಕೆ ಸಮೀಪ. ಮೊಬೈಲು, ಟಿವಿ, ಬಟ್ಟೆ ಎಲ್ಲದರ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಯಂತ್ರಗಳ ಮಟ್ಟಿಗೆ ನಾನು ಖಂಡಿತ ಸಿರಿವಂತೆಯಾಗಿದ್ದೇನೆ.

ಚಿನ್ನಕ್ಕೆ ಬನ್ನಿ. 2005ರ ಸುಮಾರಿಗೆ ಹತ್ತು ಗ್ರಾಂ ಅಪರಂಜಿಗೆ ಏಳು ಸಾವಿರದ ಆಸುಪಾಸು ಇತ್ತು. ಒಂದು ಪವನಿನ (ಎಂಟು ಗ್ರಾಂ) ಆಭರಣ ಚಿನ್ನ ಐದು ಸಾವಿರದ ಸುತ್ತ ಸಿಗುತ್ತಿತ್ತು. ನನ್ನ 9,500 ರೂಪಾಯಿ ಎಂದರೆ ಸುಮಾರು ಎರಡು ಪವನು. 2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಲಕ್ಷ ರೂಪಾಯಿ ದಾಟಿ ಮುಂದಕ್ಕೆ ಹೋಯಿತು. ಇಂದಿನ ನನ್ನ ಇಡೀ ಸಂಬಳವನ್ನು ಒಯ್ದು ಕೊಟ್ಟರೂ ಮಜೂರಿ ಸೇರಿ ಒಂದು ಪವನು ಸಿಗುವುದು ಕಷ್ಟ. ಜಾಗದ ಕಥೆ ಇನ್ನೂ ಗಟ್ಟಿ. ಪರ್ಕಳದ ಕಡೆ 2006ರಲ್ಲಿ ಸೆಂಟ್ಸಿಗೆ 30,000 ಹೇಳಿದ್ದ ಜಾಗವನ್ನು ನಾವು ಹೆಚ್ಚಾಯಿತೆಂದು ಬಿಟ್ಟೆವು. ಅದರ ಪಕ್ಕದ ಜಾಗವನ್ನು ಮೂರು ವರ್ಷದ ಹಿಂದೆ ಸೆಂಟ್ಸಿಗೆ ನಾಲ್ಕು ಲಕ್ಷ ಕೊಟ್ಟು ತೆಗೆದುಕೊಂಡೆವು.

ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಒಂದು ವಿಷಯ ಹೊಳೆಯಿತು. ಇಪ್ಪತ್ತೈದರ ವಯಸ್ಸಿನಲ್ಲಿ ನಮಗೆ ಬೇಕಾದ ಮೊಬೈಲು, ಬಟ್ಟೆ, ಸ್ಕೂಟರು, ಹೋಟೆಲಿನ ಊಟ, ಗೆಳತಿಯರ ಜೊತೆಗಿನ ಪ್ರವಾಸ ಇವುಗಳಲ್ಲಿ ಹೆಚ್ಚಿನವು ಸಂಬಳದ ಎದುರಿಗೆ ವರ್ಷವರ್ಷವೂ ಅಗ್ಗವಾಗುತ್ತ ಬಂದವು. ನಲವತ್ತೈದಕ್ಕೆ ಬೇಕಾಗುವ ಜಾಗ, ಮನೆ, ಮಕ್ಕಳ ಫೀಸು, ಆಸ್ಪತ್ರೆ, ಮಗಳ ಕುತ್ತಿಗೆಗೆ ಒಂದು ಸರ ಇವೆಲ್ಲ ಸಂಬಳವನ್ನು ಹಿಂದೆ ಹಾಕಿ ಓಡಿದವು. ಹಾಗಾಗಿ ಒಂದೇ ರೂಪಾಯಿ ಕಿರಿಯರ ಅಂಗಡಿಯಲ್ಲಿ ತೂಗುವಷ್ಟು ಹಿರಿಯರ ಅಂಗಡಿಯಲ್ಲಿ ತೂಗುವುದಿಲ್ಲ. ನಿಮ್ಮ ಮಾವ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ ಎಂದು ನನ್ನ ಡೈರಿಯೇ ಹೇಳುತ್ತದೆ.

ಖರೀದಿಯ ಬಗೆಯೂ ಬದಲಾಯಿತು. 2004ರಿಂದ 2008ರವರೆಗಿನ ಡೈರಿಗಳಲ್ಲಿ ತಿಂಗಳಿಗೊಮ್ಮೆಯಾದರೂ “ಸೀರೆ” ಎಂಬ ನಮೂದಿದೆ, ಹೆಚ್ಚಿನವು ಮುನ್ನೂರು ನಾನೂರರ ಸಿಂಥೆಟಿಕ್ ಸೀರೆಗಳು. ಈಗ ವರ್ಷಕ್ಕೆ ಎರಡು ಸೀರೆ ಕೊಂಡರೆ ಹೆಚ್ಚು. ಆದರೆ ಅದರಲ್ಲಿ ಒಂದು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯ್ದ ಕೈಮಗ್ಗದ ಉಡುಪಿ ಸೀರೆ ಆಗಿರುತ್ತದೆ. ಅದನ್ನು ಉಟ್ಟು ಸೆಪ್ಟೆಂಬರಿನ ಸೆಕೆಯಲ್ಲಿ ನಾಲ್ಕು ತರಗತಿ ನಿಂತು ಪಾಠ ಮಾಡಬಹುದು ಎಂಬುದು ಇಪ್ಪತ್ತೈದರಲ್ಲಿ ನನಗೆ ಲೆಕ್ಕಕ್ಕೇ ಬಂದಿರಲಿಲ್ಲ. ನಲವತ್ತೆರಡಕ್ಕೆ ಚಾಳೀಸು ಬಂತು. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಬೇಕೆಂದು 11,000 ಕೊಟ್ಟೆ. ಅದೇ ವರ್ಷದ ಡೈರಿಯಲ್ಲಿ ಸೊಂಟನೋವಿಗೆಂದು ತಂದ ಹಾಸಿಗೆ, ಮೆತ್ತನೆಯ ಅಟ್ಟೆಯ ಚಪ್ಪಲಿ, ಅತ್ತೆಯವರ ಬಚ್ಚಲಿಗೆ ಗೋಡೆಯ ಹಿಡಿಕೆ ಮತ್ತು ಜಾರದ ಟೈಲ್ಸು ಇವೆ. ನಾಲ್ಕೂ ಸೇರಿ ಅರವತ್ತು ಸಾವಿರ. ಮನೆಗೆ ಬಂದ ಯಾರೂ ಅವುಗಳನ್ನು ನೋಡಿ “ಹೊಸದಾ?” ಎಂದು ಕೇಳಲಿಲ್ಲ. ನಡುವಯಸ್ಸಿನ ಖರ್ಚಿನ ದೊಡ್ಡ ಭಾಗ ಹೀಗೆ ಕಣ್ಣಿಗೆ ಬೀಳದೆ ಹೋಗುತ್ತದೆ.

ನಮ್ಮ ಊರಿನದೇ ಆದ ಒಂದು ಬಾಬ್ತನ್ನು ಬಿಡುವಂತಿಲ್ಲ. ಮೂವತ್ತೈದು ದಾಟಿದ ಮೇಲೆ ತರವಾಡು ಮನೆಯ (ಕುಟುಂಬದ ಮೂಲಮನೆ) ಜೀರ್ಣೋದ್ಧಾರದ ಪಾಲು, ಊರ ದೇವಸ್ಥಾನದ ಬ್ರಹ್ಮಕಲಶದ ರಶೀದಿ, ದೈವದ ವರ್ಷಾವಧಿ ನೇಮದ ವಂತಿಗೆ, ಸಂಬಂಧಿಕರ ಮದುವೆ ಗೃಹಪ್ರವೇಶಗಳ ಉಡುಗೊರೆ ಎಲ್ಲವೂ ನಿಮ್ಮ ಹೆಸರಿಗೇ ಬರಲು ಆರಂಭವಾಗುತ್ತವೆ. ಅದುವರೆಗೆ ಅವು ಅಪ್ಪನ ಹೆಸರಿನಲ್ಲಿ ಹೋಗುತ್ತಿದ್ದವು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆ ರಶೀದಿಯಲ್ಲಿ ನನ್ನ ಹೆಸರನ್ನು ಮೊದಲ ಸಲ ನೋಡಿದ ದಿನ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಆದರೆ ಅದಕ್ಕೂ ದುಡ್ಡು ಎತ್ತಿಡಬೇಕು.

ಉತ್ತರ: ಹಂಪನಕಟ್ಟೆಯ ಅಂಗಡಿಯವ, ಮಂಗಳೂರು

ಇಪ್ಪತ್ತೆರಡು ವರ್ಷಗಳಿಂದ ಗೃಹೋಪಯೋಗಿ ವಸ್ತುಗಳ ಅಂಗಡಿ ನಡೆಸುತ್ತಿದ್ದೇನೆ. ಮಿಕ್ಸಿಗೆ ಮೂರು ಅಂಗಡಿ ಸುತ್ತಿದ ನಿಮ್ಮ ಮಾವನವರಂಥ ಗಿರಾಕಿಗಳನ್ನು ನಾನು ದಿನಾಲೂ ನೋಡುತ್ತೇನೆ, ಮತ್ತು ಅವರ ಬಗ್ಗೆ ನನಗೆ ಗೌರವವಿದೆ.

ಇಪ್ಪತ್ತೈದರ ಹುಡುಗರು ಬರುವಾಗ ಯಾವ ಮಾದರಿ ಬೇಕೆಂದು ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಕೇಳುವ ಪ್ರಶ್ನೆ ತಿಂಗಳಿಗೆ ಎಷ್ಟು ಕಂತು ಎಂಬುದೊಂದೇ. ನಲವತ್ತೈದರವರು ಮಿಕ್ಸಿಯ ಜಾರನ್ನು ಕವುಚಿ, ಬುಡದ ಕಪ್ಲರನ್ನು ಬೆರಳಿನಿಂದ ತಿರುಗಿಸಿ, ಬ್ಲೇಡಿನ ದಂಡವನ್ನು ಹಿಡಿದಿಡುವ ಬುಶ್ ಸಡಿಲವಿದೆಯೇ ಎಂದು ನೋಡುತ್ತಾರೆ. ನಮ್ಮ ಕಡೆಯ ಅಡುಗೆಗೆ ದಿನಾ ತೆಂಗಿನಕಾಯಿ ಅರೆಯಬೇಕು. ಮೊದಲು ಹೋಗುವುದು ಆ ಬುಶ್ಶೇ. ಎ.ಸಿ. ಕೊಳ್ಳುವಾಗ ಹೊರಗಿನ ಯೂನಿಟ್ಟಿನ ಕಾಯಿಲು ತಾಮ್ರದ್ದೇ ಎಂದು ಕೇಳುತ್ತಾರೆ. ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದ ಒಂದು ಫ್ರಿಜ್ಜನ್ನು, ಒಂದು ಗೇಟನ್ನು, ಒಂದು ಬೈಕನ್ನು ಅವರು ಆಗಲೇ ಕಳೆದುಕೊಂಡಿರುತ್ತಾರೆ. ಕಡಿಮೆ ದುಡ್ಡಿನವರು ಅಳೆದು ತೂಗುತ್ತಾರೆ ಎಂದು ಭಾವಿಸಬೇಡಿ. ಒಮ್ಮೆ ಕೆಟ್ಟ ವಸ್ತು ಕೊಂಡು ಕೈ ಸುಟ್ಟುಕೊಂಡವರು ಅಳೆದು ತೂಗುತ್ತಾರೆ.

ಕಿರಿಯರು ಕೊಳ್ಳುವುದು ಹೆಚ್ಚಾಗಿ ತಮಗಾಗಿ. ನಡುವಯಸ್ಸಿನವರ ಬಿಲ್ಲಿನಲ್ಲಿ ಡೆಲಿವರಿ ವಿಳಾಸ ಬೇರೆಯೇ ಇರುತ್ತದೆ. ಮೂಡುಬಿದಿರೆಯ ಹಳೆಯ ಮನೆಗೆ ಗೀಸರು, ಏಕೆಂದರೆ ಅಮ್ಮನಿಗೆ ಇನ್ನು ಬಚ್ಚಲ ಒಲೆಗೆ ಸೌದೆ ಒಟ್ಟಲಾಗುವುದಿಲ್ಲ. ಮಗಳ ಹಾಸ್ಟೆಲಿಗೆ ಕೆಟ್ಲು. ಮಳೆಗಾಲದ ಮೊದಲು ಇನ್‌ವರ್ಟರಿನ ಬ್ಯಾಟರಿ.

“ಬಡ್ಡಿಯಿಲ್ಲದ ಕಂತು” ಎಂಬುದರ ಬಗ್ಗೆ, ಅಂಗಡಿಯವನಾದರೂ ಒಂದು ಮಾತು ಹೇಳಬೇಕು. ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಒಳಗೆ ಅಡಗಿಸುವುದನ್ನು ರಿಸರ್ವ್ ಬ್ಯಾಂಕು 2013ರಲ್ಲೇ ಆಕ್ಷೇಪಿಸಿತ್ತು. ಈಗ ಅನೇಕ ಕಡೆ ನಗದಿಗೆ ಸಿಗುವ ರಿಯಾಯಿತಿಯನ್ನು ಕಂತಿನವರಿಗೆ ಬಿಟ್ಟುಕೊಡುವುದಿಲ್ಲ. ಬಡ್ಡಿ ಹೋಗುವುದು ಆ ದಾರಿಯಲ್ಲಿ. ನಗದಿನ ಬೆಲೆ ಎಷ್ಟು ಎಂದು ಮೊದಲು ಕೇಳಿ, ಆಮೇಲೆ ಕಂತಿನ ಮಾತು ಎತ್ತಿ.

ಉತ್ತರ: ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕ, ಮಣಿಪಾಲ

ಸಿದ್ಧಾಂತದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಆದಾಯ ಹೆಚ್ಚಿದಂತೆ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ತೋರಿಸಿದರು. ನಮ್ಮ ದೇಶದ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಗಳಲ್ಲಿಯೂ ಇದು ಕಾಣುತ್ತದೆ: 1999-2000ರಲ್ಲಿ ನಗರದ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇಕಡಾ 48ರಷ್ಟಿತ್ತು, 2022-23ಕ್ಕೆ ಶೇಕಡಾ 39ರಷ್ಟಾಯಿತು. ಒಂದು ದೇಶದಲ್ಲಿ ದಶಕಗಳಲ್ಲಿ ಆಗುವುದು ಒಬ್ಬರ ಬದುಕಿನಲ್ಲಿಯೂ ಆಗುತ್ತದೆ.

ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಬ್ರಂಬರ್ಗ್ 1950ರ ದಶಕದಲ್ಲಿ ಜೀವನಚಕ್ರದ ಸಿದ್ಧಾಂತವನ್ನು ಮಂಡಿಸಿದರು. ಮೊಡಿಗ್ಲಿಯಾನಿಯವರಿಗೆ 1985ರಲ್ಲಿ ನೊಬೆಲ್ ಬಂತು. ಮನುಷ್ಯ ಇಡೀ ಬದುಕಿನ ಗಳಿಕೆಯನ್ನು ಮನಸ್ಸಿನಲ್ಲಿಟ್ಟು ಖರ್ಚು ಮಾಡುತ್ತಾನೆ, ಯೌವನದಲ್ಲಿ ಸಾಲ, ನಡುವಯಸ್ಸಿನಲ್ಲಿ ಉಳಿತಾಯ, ಮುಪ್ಪಿನಲ್ಲಿ ಕೂಡಿಟ್ಟದ್ದನ್ನು ಕರಗಿಸುವುದು ಎಂಬುದು ಅದರ ತಿರುಳು. ಅಮೆರಿಕದ ಅಧಿಕೃತ ವೆಚ್ಚ ಸಮೀಕ್ಷೆಗಳಲ್ಲಿ ಮನೆಯ ಯಜಮಾನರ ವಯಸ್ಸು 45ರಿಂದ 54ರ ಆಸುಪಾಸಿನಲ್ಲಿರುವ ಮನೆಗಳ ಖರ್ಚು ಗುಡ್ಡದ ನೆತ್ತಿಯಂತೆ ಮೇಲೇರಿ, ನಂತರ ಇಳಿಯುವುದನ್ನು ಕಾಣುತ್ತೇವೆ.

ಆದರೆ ಈ ಸಿದ್ಧಾಂತ ಒಬ್ಬ ವ್ಯಕ್ತಿಯನ್ನು ಅಥವಾ ಒಂದು ಸಣ್ಣ ಮನೆಯನ್ನು ಮಾತ್ರ ಎದುರಿಗಿಟ್ಟುಕೊಂಡದ್ದು. ನಮ್ಮಲ್ಲಿ ಯುವಕ ಬ್ಯಾಂಕಿನಿಂದ ಪಡೆಯುವುದಕ್ಕಿಂತ ಮೊದಲೇ ತಂದೆತಾಯಿಯಿಂದ ಪಡೆದಿರುತ್ತಾನೆ, ಕಾಗದಪತ್ರ ಇಲ್ಲದೆ. ಅದನ್ನು ನಡುವಯಸ್ಸಿನಲ್ಲಿ ಅವರ ಔಷಧಿ, ಆರೈಕೆಗಳ ರೂಪದಲ್ಲಿ ಹಿಂದಿರುಗಿಸುತ್ತಾನೆ. ಪ್ರಶ್ನೆ ಕೇಳಿದವರಿಗೆ ಮನೆಯಿಂದ ಸದ್ಯಕ್ಕೆ ಬೇಡಿಕೆ ಇಲ್ಲವೆಂಬುದನ್ನು ಅವರ ಸಂಬಳದ ಒಂದು ಭಾಗವೆಂದೇ ನಾನು ಎಣಿಸುತ್ತೇನೆ. ತೋಟದಿಂದ ಬರುವ ಅಕ್ಕಿ, ಕಾಯಿ, ಎಣ್ಣೆಗೆ ಅವರು ಬೆಲೆ ಕಟ್ಟಿ ನೋಡಲಿ.

ಪ್ರಶ್ನೆ ಕೇಳಿದವರ ಮರುಬರಹ: ಬಿಜೈ ನಿವಾಸಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೇಡಂ ಬರೆದದ್ದನ್ನು ಓದಿದ ಮೇಲೆ ಭಾನುವಾರ ಮಾವನ ಮನೆಗೆ ಹೋಗಿ, ಅವರ ಅನುಮತಿಯಿಂದಲೇ, ಇಬ್ಬರ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದೆ. ಹೆಸರು ಹೇಳದೆ ಇಲ್ಲಿ ಹಾಕಲು ಅವರ ಒಪ್ಪಿಗೆ ಇದೆ.

ಮಾವನ 1,20,000ದಲ್ಲಿ ಗೃಹಸಾಲದ ಕಂತು 34,700. ಮಗಳ ದ್ವಿತೀಯ ಪಿಯುಸಿ, ಕೋಚಿಂಗು, ಹಾಸ್ಟೆಲು ಸೇರಿ ವರ್ಷದ ಫೀಸನ್ನು ತಿಂಗಳಿಗೆ ಹಂಚಿದರೆ 20,000. ಮಗನ ಶಾಲೆಗೆ 7,000. ಅಜ್ಜಿಯ ಮಾತ್ರೆ ಮತ್ತು ಫಿಸಿಯೋಥೆರಪಿಗೆ 8,000. ಎಲ್ಲ ವಿಮೆಗಳನ್ನು ಹಂಚಿದಾಗ 7,500. ಮಗಳ ಮುಂದಿನ ಓದಿಗೆಂದು ಆರ್.ಡಿ. (ತಿಂಗಳು ತಿಂಗಳು ಕಟ್ಟುವ ಠೇವಣಿ) 12,000. ದಿನಸಿ, ಹಾಲು, ಮೀನು, ಗ್ಯಾಸು, ಕರೆಂಟು 18,000. ಪೆಟ್ರೋಲು 4,000, ಫ್ಲ್ಯಾಟಿನ ನಿರ್ವಹಣೆ 2,500, ತರವಾಡು ಮನೆಯ ಪಾಲಿನ ಕಂತು 3,000. ಒಟ್ಟು 1,16,700. ತಿಂಗಳ ಮೊದಲ ದಿನವೇ ಎಲ್ಲಿಗೆ ಹೋಗಬೇಕೆಂದು ನಿರ್ಧಾರವಾಗದೆ ಉಳಿಯುವ ದುಡ್ಡು 3,300 ರೂಪಾಯಿ.

ನನ್ನ ಬಾಡಿಗೆಯ ಪಾಲು 6,000, ಊಟ 8,000, ಪೆಟ್ರೋಲು 2,500, ಕರೆಂಟು ಮೊಬೈಲು ಇತ್ಯಾದಿ 1,500. ನಿರ್ಧಾರವಾಗದೆ ಉಳಿಯುವುದು 20,000. ಮಾವನ ಆರು ಪಟ್ಟು. ಹಾಳೆಯನ್ನು ನೋಡಿ ಮಾವ ಏನೂ ಮಾತನಾಡಲಿಲ್ಲ. ಅತ್ತೆ ಮಾತ್ರ “ಹೊಸ ಮಿಕ್ಸಿ ಚೆನ್ನಾಗಿ ಅರೆಯುತ್ತದೆ, ಊಟ ಮಾಡಿಕೊಂಡು ಹೋಗು” ಎಂದರು. ಆ ದಿನ ಬೂತಾಯಿ ಪುಳಿಮುಂಚಿ ಮಾಡಿದ್ದರು.

ಈಗ ನನ್ನ ಪ್ರಶ್ನೆ ಬದಲಾಗಿದೆ. ಈ 20,000 ಇರುವ ವರ್ಷಗಳು ಇನ್ನು ಎಷ್ಟು ಉಳಿದಿವೆ, ಮತ್ತು ಅವುಗಳಲ್ಲಿ ಏನು ಮಾಡಬೇಕು?

ಉತ್ತರ: ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ನೀವು ಬರೆದ ಹಾಳೆ ಬಹಳ ಉಪಯುಕ್ತವಾಗಿದೆ. ಅದರಲ್ಲಿ ಒಂದು ತಿದ್ದುಪಡಿ ಬೇಕು. ಮಾವನವರ ಆರ್.ಡಿ. 12,000 ಅವರದೇ ದುಡ್ಡು. ಗೃಹಸಾಲದ ಕಂತಿನಲ್ಲಿ ಅಸಲಿಗೆ ಹೋಗುವ ಭಾಗವೂ ಅವರದೇ ಆಸ್ತಿ. ಕೈ ಬರಿದಾಗಿ ಕಂಡರೂ ಮನೆ ತುಂಬುತ್ತಿರುವ ವಯಸ್ಸು ಅದು.

ಆದರೆ ಅಸಲಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಸಾಲ ಮಾಡುವ ಮೊದಲೇ ತಿಳಿದಿರಬೇಕು. ನಲವತ್ತು ಲಕ್ಷದ ಸಾಲ, ಶೇಕಡಾ 8.5 ಬಡ್ಡಿ, ಇಪ್ಪತ್ತು ವರ್ಷ ಎಂದಾದರೆ ಕಂತು 34,700ರ ಹತ್ತಿರ ಬರುತ್ತದೆ. ನಿಮ್ಮ ಮಾವನವರದೂ ಹೀಗೆಯೇ ಇರಬೇಕು. ಮೊದಲ ಕಂತಿನಲ್ಲಿ ಬಡ್ಡಿ 28,333, ಅಸಲಿಗೆ ಹೋಗುವುದು 6,400ಕ್ಕೂ ಕಡಿಮೆ. ದರ ಬದಲಾಗದಿದ್ದರೂ ಎಂಟು ವರ್ಷ ತುಂಬಿದಾಗ ಕಟ್ಟಿದ್ದು ಸುಮಾರು 33 ಲಕ್ಷ, ತೀರಿದ ಅಸಲು ಒಂಬತ್ತು ಲಕ್ಷಕ್ಕಿಂತ ಕಡಿಮೆ. ದರವಂತೂ ಬದಲಾಗಿದೆ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಬದಲಾಗುವ ದರದ ಗೃಹಸಾಲಗಳು ರೆಪೊದಂಥ (ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ) ಹೊರಗಿನ ದರಕ್ಕೆ ಜೋಡಣೆಯಾದವು. ಆ ರೆಪೊ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಶೇಕಡಾ 4ರಿಂದ 6.5ಕ್ಕೆ ಏರಿತು. ಅನೇಕರ ಕಂತು ಅಷ್ಟೇ ಉಳಿದು ಅವಧಿ ಉದ್ದವಾಯಿತು, ಅವರಿಗೆ ಅದು ಗೊತ್ತೇ ಆಗಲಿಲ್ಲ. 2025ರಲ್ಲಿ ರೆಪೊ ಇಳಿದಿದೆ. ಇಳಿಕೆ ತಮ್ಮ ಸಾಲಕ್ಕೆ ತಲುಪಿದೆಯೇ ಎಂದು ಮಾವನವರು ಶಾಖೆಗೆ ಹೋಗಿ ಕೇಳಲಿ. 2019ಕ್ಕಿಂತ ಹಳೆಯ ಸಾಲವಾದರೆ ರೆಪೊ ಜೋಡಣೆಗೆ ಬದಲಾಯಿಸುವ ಶುಲ್ಕವನ್ನೂ ವಿಚಾರಿಸಲಿ.

ಇನ್ನು ನಿಮ್ಮ 20,000. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಾಗ ಏಜೆಂಟರು ದಿನಕ್ಕೆ ಎರಡಾಣೆಯಿಂದ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಅದರ ಜಾಣ್ಮೆ ಮೊತ್ತದಲ್ಲಿರಲಿಲ್ಲ. ದುಡ್ಡು ಸಂಜೆಯ ಖರ್ಚಿಗೆ ಸಿಗುವ ಮೊದಲೇ ಅದನ್ನು ಎತ್ತಿಕೊಳ್ಳುವುದರಲ್ಲಿತ್ತು. ನನ್ನ ಸೇವೆಯ ಮೊದಲ ವರ್ಷಗಳಲ್ಲಿ ಮಲ್ಪೆಯ ಮೀನು ಮಾರುವ ಹೆಂಗಸರ ಪಿಗ್ಮಿ ಖಾತೆಗಳನ್ನು ನೋಡಿದ್ದೇನೆ. ಜೂನ್, ಜುಲೈಯಲ್ಲಿ ದೋಣಿಗಳು ದಡದಲ್ಲಿರುವಾಗ ಅವರು ಅದರಿಂದಲೇ ಮನೆ ನಡೆಸಿ, ಮಕ್ಕಳ ಪುಸ್ತಕ ಕೊಳ್ಳುತ್ತಿದ್ದರು. ನೀವೂ ಸಂಬಳದ ಮರುದಿನವೇ 12,000 ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಿ. ಉಳಿದ 8,000ವನ್ನು ಮನಸ್ಸಿಗೆ ಬಂದಂತೆ ಖರ್ಚು ಮಾಡಿ, ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ; ಇಪ್ಪತ್ತಾರರಲ್ಲಿ ನೋಡಬೇಕಾದ ಊರುಗಳನ್ನು ಐವತ್ತರಲ್ಲಿ ಅದೇ ಕಾಲುಗಳಿಂದ ನೋಡಲಾಗುವುದಿಲ್ಲ. ಸಂಬಳ ಏರಿದಾಗಲೆಲ್ಲ ಏರಿಕೆಯ ಅರ್ಧವನ್ನು ಆ ಬೇರೆ ಖಾತೆಗೆ ಸೇರಿಸಿ.

ಎರಡನೆಯದಾಗಿ, ಕಂಪೆನಿಯ ಗುಂಪು ವಿಮೆಯನ್ನು ನಂಬಿ ಕೂರದೆ ಸ್ವಂತ ಆರೋಗ್ಯ ವಿಮೆ ಈಗಲೇ ಮಾಡಿಸಿ. ಕಾಯಿಲೆ ಬಂದ ಮೇಲೆ ಕೊಂಡರೆ ಆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ, ಆ ಮಟ್ಟಿಗೆ ಹಗುರ. ಅಪ್ಪ ಅಮ್ಮನಿಗೆ ಪಾಲಿಸಿ ಇದೆಯೇ ಎಂಬುದನ್ನು ಮುಂದಿನ ಸಲ ಕಾರ್ಕಳಕ್ಕೆ ಹೋದಾಗ ಕೇಳಿ. ಅವರು ಬೇಡವೆನ್ನುತ್ತಾರೆ; ಆದರೂ ಅವರ ಆಧಾರ್ ಕಾರ್ಡಿನ ಪ್ರತಿ ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ತೆಗೆದುಕೊಂಡೇ ಬನ್ನಿ. ಅರ್ಜಿಯಲ್ಲಿ ರಕ್ತದೊತ್ತಡ, ಮಧುಮೇಹ ಏನಿದ್ದರೂ ಮುಚ್ಚಿಡದೆ ಬರೆಯಿರಿ, ಏಕೆಂದರೆ ಕ್ಲೇಮಿನ ದಿನ ವಿಮಾ ಕಂಪೆನಿಯವರು ಮೊದಲು ತೆರೆಯುವುದು ಆ ಪುಟವನ್ನೇ.